ಹೊಲಿಗೆಗಿಂತ ಹೆಸರಿಗೆ ಬೆಲೆ ಬಂದದ್ದು ಯಾವಾಗ?

ತಿಪಟೂರಿನ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಪ್ಯಾರಿಸ್ ಫ್ಯಾಷನ್ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ನಾನು ಟೈಲರ್. ನನ್ನ ಸೊಸೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅವಳು ಹೊಲಿದ ಅಂಗಿಗೆ ಹೊರದೇಶದಲ್ಲಿ ಸಾವಿರಾರು ರೂಪಾಯಿಯಂತೆ. ಹೊಲಿಗೆಗಿಂತ ಹೆಸರಿಗೆ ಬೆಲೆ ಜಾಸ್ತಿ ಆದದ್ದು ಯಾವಾಗಿನಿಂದ? ಇದು ಬರೀ ಜಾಹೀರಾತಿನ ಮೋಸ ಅಲ್ವಾ?"

ಮಾನ್ಯರೇ, ನಮಸ್ಕಾರ.

ಯಾವಾಗಿನಿಂದ ಅನ್ನುವುದಕ್ಕೆ ಇಸವಿಯನ್ನೇ ಹೇಳಬಹುದು: 1858. ಆ ವರ್ಷ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ಮನುಷ್ಯ ಪ್ಯಾರಿಸ್ಸಿನ ರ್ಯೂ ದ ಲಾ ಪೇ ಬೀದಿಯಲ್ಲಿ ಪಾಲುದಾರನೊಬ್ಬನ ಜೊತೆ ಅಂಗಡಿ ತೆರೆದ. ಅದಕ್ಕೂ ಮುಂಚೆ ಹೆಸರುವಾಸಿ ದರ್ಜಿಗಳು ಇರಲಿಲ್ಲವೆಂದಲ್ಲ. ಆದರೆ ಪದ್ಧತಿ ನಿಮ್ಮ ಅಂಗಡಿಯದ್ದೇ ಆಗಿತ್ತು. ಗಿರಾಕಿ ಬೇರೆ ಕಡೆ ಬಟ್ಟೆ ಕೊಂಡು ತರುತ್ತಿದ್ದಳು, ಹೀಗೆ ಹೊಲಿ ಅನ್ನುತ್ತಿದ್ದಳು, ಹೊಲಿಗೆಯವಳು ಕೂಲಿ ತೆಗೆದುಕೊಳ್ಳುತ್ತಿದ್ದಳು. ವರ್ತ್ ಇದನ್ನು ತಿರುವಿ ಹಾಕಿದ. ಬಟ್ಟೆಯೂ ಅವನದ್ದೇ, ಮಾದರಿಯೂ ಅವನದ್ದೇ. ಮೊದಲೇ ಹೊಲಿಸಿಟ್ಟ ಉಡುಪನ್ನು ಹುಡುಗಿಯರಿಗೆ ತೊಡಿಸಿ, ನಡೆಸಿ ತೋರಿಸುತ್ತಿದ್ದ. ಗಿರಾಕಿ ಆರಿಸಿಕೊಂಡರೆ ಸಾಕು, ಅವಳ ಅಳತೆಗೆ ತಯಾರಾಗುತ್ತಿತ್ತು.

ಆಸ್ಟ್ರಿಯಾ ರಾಯಭಾರಿಯ ಹೆಂಡತಿ ಪೌಲಿನ್ ಮೆಟರ್ನಿಕ್ ಅವನ ಉಡುಪು ತೊಟ್ಟು ಅರಮನೆಯ ನೃತ್ಯಕೂಟಕ್ಕೆ ಹೋದಳು. ಫ್ರಾನ್ಸಿನ ರಾಣಿ ಯುಜೀನಿ ಅದನ್ನು ನೋಡಿ, ಯಾರು ಮಾಡಿದ್ದು ಎಂದು ಕೇಳಿದಳು. ಅಲ್ಲಿಂದ ವರ್ತ್‌ನ ಅದೃಷ್ಟ ಖುಲಾಯಿಸಿತು. ಉಡುಪಿನ ಸೊಂಟದ ಒಳಪಟ್ಟಿಯಲ್ಲಿ ಅವನ ಹೆಸರು ಇರುತ್ತಿತ್ತು. ಹೊರಗೆ ಕಾಣದ ಜಾಗ, ಆದರೂ ಗಿರಾಕಿಗಳು ದುಡ್ಡು ಸುರಿದದ್ದು ಆ ಪಟ್ಟಿಗೂ ಸೇರಿಸಿ. ಮುಂದೆ ಅವನ ಕೈಕೆಳಗೆ ನೂರಾರು ಹೆಂಗಸರು ಹೊಲಿಯುತ್ತಿದ್ದರು. ಅವರಲ್ಲಿ ಒಬ್ಬಳ ಹೆಸರೂ ಪಟ್ಟಿಯ ಮೇಲೆ ಬರಲಿಲ್ಲ.

ಮೋಸ ಅಂದಿರಿ. ಇಲ್ಲಿ ಮಾತ್ರ ನಾನು ನಿಮ್ಮ ಜೊತೆ ಒಪ್ಪುವುದಿಲ್ಲ. ವರ್ತ್‌ಗೆ ಕೆಲಸ ಗೊತ್ತಿತ್ತು. ಹುಡುಗನಾಗಿದ್ದಾಗಲೇ ಲಂಡನ್ನಿನ ಜವಳಿ ಅಂಗಡಿಗಳಲ್ಲಿ ದುಡಿದವನು, ರೇಷ್ಮೆ ಮುಟ್ಟಿದರೆ ಅದು ಹೇಗೆ ಬೀಳುತ್ತದೆ ಎಂದು ತಿಳಿದವನು. ಕಟಿಂಗ್ ಒಂದು ವಿದ್ಯೆ, ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆ ಬೆಲೆ ಸಿಗಲೇಬೇಕು. ಕೆಟ್ಟದ್ದು ಆಮೇಲೆ ಆಯಿತು. ಹೆಸರು ಕೈಯಿಂದ ಬಿಡಿಸಿಕೊಂಡು ತನ್ನಷ್ಟಕ್ಕೆ ತಾನೇ ಓಡಾಡತೊಡಗಿತು.

ಅದನ್ನು ತಿಳಿಯಲು ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಕಥೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅವನಿಗೆ ಬಂಡವಾಳ ಹಾಕಿದ ಮಾರ್ಸೆಲ್ ಬುಸಾಕ್ ಹತ್ತಿ ಗಿರಣಿಗಳ ಒಡೆಯ. 1947ರ ಫೆಬ್ರವರಿ 12ರಂದು ಡಿಯೋರ್‌ನ ಮೊದಲ ಪ್ರದರ್ಶನ. ಬಿಗಿ ಸೊಂಟ, ಅಗಲ ಘೇರಿನ ಲಂಗ. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಬ್ರಿಟನ್ನಿನಲ್ಲಿ ಬಟ್ಟೆಗೆ ಇನ್ನೂ ರೇಷನ್ ಇತ್ತು. ಅಂಥ ಹೊತ್ತಲ್ಲಿ ಒಂದು ಲಂಗಕ್ಕೇ ಗಜಗಟ್ಟಲೆ ಬಟ್ಟೆ! ಬಟ್ಟೆ ಮಾರುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಸ್ವಲ್ಪ ಸಮಯದಲ್ಲೇ ಅಮೆರಿಕದ ಸ್ಟಾಕಿಂಗ್ಸ್ ಕಂಪನಿಯೊಂದು ಡಿಯೋರ್ ಹೆಸರು ಬಳಸಲು ಹಣ ಕೊಡಲು ಬಂತು. ಡಿಯೋರ್ ಇಡಿಗಂಟು ಬೇಡ ಎಂದ, ಮಾರಾಟದಲ್ಲಿ ಪಾಲು ಕೇಳಿದ. ಹೆಸರನ್ನು ಬಾಡಿಗೆಗೆ ಕೊಡುವ ವ್ಯಾಪಾರ ಹೀಗೆ ಬೆಳೆಯಿತು. ಆಮೇಲೆ ಪಿಯರ್ ಕಾರ್ಡಿನ್ ಎಂಬ ಇನ್ನೊಬ್ಬ ವಿನ್ಯಾಸಕ ತನ್ನ ಹೆಸರನ್ನು ನೂರಾರು ಸರಕಿನ ಮೇಲೆ ಹಾಕಿಸಿದ.

1978ರ ಹೊತ್ತಿಗೆ ಬುಸಾಕ್ ದಿವಾಳಿಯಾದ. ಗಿರಣಿಗಳು ಕೈಬದಲಾದವು, ಮತ್ತೆ ಮುಗ್ಗರಿಸಿದವು. 1984ರಲ್ಲಿ ಬರ್ನಾರ್ಡ್ ಆರ್ನೋ ಎಂಬ ಉದ್ಯಮಿ ಡಿಯೋರ್ ಸಮೇತ ಇಡೀ ಉದ್ಯಮ ಕೊಂಡ. ಡಿಯೋರ್ ಹೆಸರು ಉಳಿಸಿಕೊಂಡ, ಗಿರಣಿಗಳನ್ನು ಬಹುತೇಕ ಮಾರಿದ. ಸಾವಿರಾರು ಜನ ಕೆಲಸ ಕಳೆದುಕೊಂಡರು. ಡಿಯೋರ್‌ನನ್ನು ಹುಟ್ಟುಹಾಕಿದ್ದೇ ಆ ಗಿರಣಿಯ ದುಡ್ಡು, ನೋಡಿ. ಗಿರಣಿ ಹೋಯಿತು, ಹೆಸರು ಉಳಿಯಿತು.

ಇನ್ನು ಹೊಲಿಗೆ ನಮ್ಮ ಕಡೆ ಬಂದದ್ದು. 1974ರಿಂದ ಶ್ರೀಮಂತ ದೇಶಗಳು ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಬಹುದು ಎಂದು ಕೋಟಾ ಕಟ್ಟಿದವು. ಒಂದು ದೇಶದ ಕೋಟಾ ತುಂಬಿದರೆ ಆರ್ಡರ್ ಇನ್ನೊಂದು ದೇಶಕ್ಕೆ. ಕೊರಿಯಾದ ಡೇವೂ ಕಂಪನಿ ಬಾಂಗ್ಲಾದೇಶದವರಿಗೆ ಹೊಲಿಗೆ ಕಲಿಸಿದ್ದು ಈ ಕಾರಣಕ್ಕೇ. 2005ರಲ್ಲಿ ಕೋಟಾ ಹೋಯಿತು. ಆಮೇಲೆ ಕಡಿಮೆ ಕೂಲಿಯದ್ದೇ ಪೈಪೋಟಿ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಕೆಲಸಕ್ಕೆ ಕರೆದರು. ಯಾವ ಯಾವ ಬ್ರ್ಯಾಂಡ್‌ಗೆ ಅಲ್ಲಿ ಹೊಲಿಯುತ್ತಿದ್ದರೆಂದು ಅವಶೇಷದಲ್ಲಿ ಸಿಕ್ಕ ಲೇಬಲ್ ನೋಡಿ ಹುಡುಕಬೇಕಾಯಿತು.

ನಿಮ್ಮ ಸೊಸೆಯವರಿಗೆ ಗೊತ್ತಿರುತ್ತದೆ, ಲೈನಿನಲ್ಲಿ ಒಬ್ಬರು ಇಡೀ ದಿನ ಕಾಲರ್ ಮಾತ್ರ, ಇನ್ನೊಬ್ಬರು ತೋಳು ಮಾತ್ರ. ಲೇಬಲ್ ಕೂಡಿಸುವುದೂ ಯಾರದೋ ಗಂಟೆಯ ಟಾರ್ಗೆಟ್. ಪೂರ್ತಿ ಅಂಗಿ ನಾನೇ ಹೊಲಿದೆ ಎಂದು ಹೇಳಲು ಅವಕಾಶವೇ ಇಲ್ಲ. ಹಾಗಿದ್ದೂ 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ತಡೆ ಹಾಕುವ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಬಂದರು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಫ್ಯಾಷನ್ ಇತಿಹಾಸ ಬರೆಯುವವರು ಇದನ್ನೂ ಬರೆಯಬೇಕು ಎಂದು ನಾನು ನಂಬಿದ್ದೇನೆ.

ಸೊಸೆಯವರು ಒಪ್ಪಿದರೆ ತಮ್ಮ ಲೈನಿನ ಒಂದು ದಿನದ ಬಗ್ಗೆ ಬರೆದು ಕಳಿಸಲಿ. ಎರಡು ಪುಟ ಇಡುತ್ತೇವೆ, ಸಂಭಾವನೆಯೂ ಕೊಡುತ್ತೇವೆ. ಹೆಸರು ಹಾಕಬೇಕೋ ಬೇಡವೋ ಅನ್ನುವುದನ್ನು ಅವರೇ ಹೇಳಲಿ.

— ಸಂಪಾದಕ