ಒಂದೇ ಯೂನಿಟ್‌ನ 80 ಮಾಜಿ ಸೈನಿಕರಿಗೆ ಮಂಡ್ಯದಲ್ಲಿ ರಾತ್ರಿ ಬಾಡೂಟ: ಏರ್ಪಾಡು ಹೇಗೆ?

ಬಾಡೂಟವನ್ನು ರೈಸಿಂಗ್ ಡೇ, ಅಂದರೆ ಯೂನಿಟ್ ಹುಟ್ಟಿದ ದಿನವೇ ಇಟ್ಟುಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ, ಅದಕ್ಕೆ ಹತ್ತಿರದ ಭಾನುವಾರ ಹಿಡಿಯಿರಿ. ಸೋಮವಾರ, ಶನಿವಾರ ಬಾಡು ಮುಟ್ಟದವರು ನಮ್ಮ ಕಡೆ ಬಹಳ. ಶ್ರಾವಣವಂತೂ ಆಗದ ಮಾತು. ನಮ್ಮಲ್ಲಿ ಬ್ಯಾಂಕ್ ಗಾರ್ಡ್ ಕೆಲಸದಲ್ಲಿರುವವರಿಗೆ ರಜೆ ಅಂತ ಎರಡನೇ ಶನಿವಾರ ಇಟ್ಟರೆ ಮಾಂಸ ಹಂಡೆಯಲ್ಲೇ ಉಳಿಯುತ್ತದೆ. ಜನವರಿ 14, ಅಂದರೆ ಸೇನಾ ಮುಖ್ಯಸ್ಥ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನ, ಮಾಜಿ ಸೈನಿಕರ ದಿನ ನಿಜ. ಆದರೆ ಅದು ಸಂಕ್ರಾಂತಿಯ ಸಮಯ. ದನ ಕಿಚ್ಚು ಹಾಯಿಸುವುದು ಬಿಟ್ಟು ಹಳ್ಳಿಯವರು ಬರುವುದಿಲ್ಲ. ರೈಸಿಂಗ್ ಡೇ ಹತ್ತಿರದ ಭಾನುವಾರ ಹೊಂದದಿದ್ದರೆ ಆಷಾಢದ ಭಾನುವಾರ ನನ್ನ ಆಯ್ಕೆ: ಮದುವೆಗಳಿಲ್ಲ, ಛತ್ರಗಳು ಖಾಲಿ, ಬಾಡಿಗೆ ಚೌಕಾಸಿ ಮಾಡಬಹುದು.

ಛತ್ರದವರನ್ನು ಮೊದಲು ಕೇಳಬೇಕಾದದ್ದು "ಬೀಗರೂಟಕ್ಕೆ ಕೊಡ್ತೀರಾ?" ಅಂತ. ಕೊಡಲ್ಲ ಅಂದರೆ ಬಾಡು ಬೇಯಿಸಲು ಬಿಡುವುದಿಲ್ಲ ಎಂದರ್ಥ, ಮುಂದಿನ ಛತ್ರಕ್ಕೆ ಹೋಗಿ. ಊಟದ ಹಾಲ್ ನೆಲಮಹಡಿಯಲ್ಲಿರಲಿ, ಕಮೋಡ್ ಇರಲಿ. ಬಂದವರಲ್ಲಿ ಮಂಡಿ ನೋವಿನವರೇ ಹೆಚ್ಚು.

ಬಫೆ ಬೇಡವೇ ಬೇಡ. ಮುದ್ದೆ ಬಫೆಯಲ್ಲಿ ಹತ್ತು ನಿಮಿಷ ಕೂತರೆ ಮೇಲೆ ಒಣಗಿ ಗಟ್ಟಿಯಾಗುತ್ತದೆ. ಟೇಬಲ್ ಹಾಕಿ, ಎಲೆ ಹಾಕಿ, 40 ಜನರ ಎರಡು ಪಂಕ್ತಿ ಮಾಡಿ. ಎರಡನೇ ಪಂಕ್ತಿಯ ಮುದ್ದೆಯನ್ನು ಮೊದಲನೆಯದು ಏಳುವ ಹೊತ್ತಿಗೆ ತಿರುವಿಸಿ. ಒಂದು ಕೆಜಿ ರಾಗಿ ಹಿಟ್ಟಿಗೆ ಎಂಟೊಂಬತ್ತು ಮುದ್ದೆ ಎಂದು ಹಿಡಿದರೆ 12 ಕೆಜಿ ಹಿಟ್ಟು ಸಾಕು. ಮೂಳೆ ಸಮೇತ ಮಟನ್ 16 ಕೆಜಿ, ಕೋಳಿ 10 ಕೆಜಿ, ಅಕ್ಕಿ 8 ಕೆಜಿ. ಬನ್ನೂರು ಕುರಿ ಸಿಕ್ಕರೆ ಅದೃಷ್ಟ. ಬಲಿತ ಮಾಂಸ ಬಂದರೆ ಬೇಯುವುದಕ್ಕೆ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಮೇಲೆ ಹಲ್ಲುಸೆಟ್ಟಿನವರು ಬರೀ ಸಾರು ಸುರಿಸಿಕೊಂಡು ಏಳುತ್ತಾರೆ. ಆದ್ದರಿಂದ ಎಳೆಯ ಕುರಿ ಬೇಕೆಂದು ಕಟುಕರಿಗೆ ನಾಲ್ಕು ದಿನ ಮುಂಚೆಯೇ ಹೇಳಿ. ಭಾನುವಾರ ಬೆಳಿಗ್ಗೆ ಹೋಗಿ ನಿಂತರೆ ಉಳಿದದ್ದೇ ಗತಿ. ಸಸ್ಯಾಹಾರಿಗಳಿಗೆ ಬೇರೆ ಒಲೆ, ಬೇರೆ ಸೌಟು, ಬೇರೆ ಸಾಲು.

ಆರಕ್ಕೆ ಸೇರಿ, ಏಳೂವರೆಗೆ ಎಲೆ. ಶುಗರ್ ಮಾತ್ರೆ, ಇನ್ಸುಲಿನ್‌ನವರು ಒಂಬತ್ತರವರೆಗೆ ಕಾಯಲಾರರು, ಮಳವಳ್ಳಿ ಕಡೆಯ ಬಸ್ಸೂ ಕಾಯುವುದಿಲ್ಲ. ಹುತಾತ್ಮರ ಹೆಸರು ಓದಿ ಎರಡು ನಿಮಿಷ ಮೌನ ಆಚರಿಸುವುದು ಬಾಟಲಿ ತೆರೆಯುವ ಮುಂಚೆಯೇ ಮುಗಿಯಲಿ. ವೀರನಾರಿಯರನ್ನು, ಅಂದರೆ ಹುತಾತ್ಮರ ಪತ್ನಿಯರನ್ನು, ಮನೆಗೇ ಹೋಗಿ ಕರೆಯಿರಿ. ಅವರನ್ನು ಕೇಳದೆ ವೇದಿಕೆಗೆ ಕರೆದು ಶಾಲು ಹೊದಿಸಬೇಡಿ.

ಛತ್ರದಲ್ಲಿ ಮದ್ಯ ಕೊಡಲು ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಸನ್ನದು ಬೇಕು. ಸೇನಾ ಕ್ಯಾಂಟೀನ್‌ನ ರಮ್ ಸ್ವಂತ ಬಳಕೆಗೆ ಕೊಟ್ಟದ್ದು, ಅದರ ದುಡ್ಡನ್ನು ಚಂದಾದಲ್ಲಿ ಸೇರಿಸಿದರೆ ಮಾರಿದಂತೆಯೇ.

ಸೇನೆಯಲ್ಲಿ ಅಧಿಕಾರಿ, ಜೆಸಿಒ (ಅಧಿಕಾರಿಗೂ ಜವಾನನಿಗೂ ನಡುವಿನ ದರ್ಜೆಯವರು), ಜವಾನ ಒಟ್ಟಿಗೇ ಉಣ್ಣುವುದೇ ಬಡಾ ಖಾನಾ. ಹಾಗಾಗಿ ವಿಐಪಿ ಸೋಫಾ ಬೇಡ. ಸಿಪಾಯಿ ಪಿಂಚಣಿಯವರಿಗೆ ಭಾರವಾಗದ ಒಂದೇ ಚಂದಾ ಇಡಿ, ಕೊರತೆಯನ್ನು ಅಧಿಕಾರಿ ಸಾಹೇಬರು ಸದ್ದಿಲ್ಲದೆ ತುಂಬಲಿ. ದುಡ್ಡು ಒಬ್ಬರ ಖಾತೆಗೆ, ಲೆಕ್ಕ ಇನ್ನೊಬ್ಬರ ಕೈಯಲ್ಲಿ.

ಫ್ಲೆಕ್ಸ್‌ನಲ್ಲಿ ಯೂನಿಟ್ ಈಗ ಎಲ್ಲಿದೆ ಅಂತ ಹಾಕಬೇಡಿ. ಗ್ರೂಪ್ ಫೋಟೋ ಊಟಕ್ಕೆ ಮುಂಚೆಯೇ ತೆಗೆಸಿ, ಉಂಡ ಮೇಲೆ ಯಾರೂ ನಿಲ್ಲುವುದಿಲ್ಲ.