ಒಂದೇ ಕಿಣ್ವದ ಮೇಲೆ ಕೊಲೆ ಹೊರಿಸುವ ಮೊದಲು

ನಮಸ್ಕಾರ.

ಜಿಎಪಿಡಿಎಚ್ ಎಂಬ ಕಿಣ್ವವೇ ಮಿದುಳಿನ ನರಕೋಶಗಳನ್ನು ಕೊಲ್ಲುತ್ತದೆ ಎನ್ನುವ ನಿಮ್ಮ 'ಮಿದುಳಿನ ಕೊಲೆಗಾರ' ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ, ಇದು ಕನ್ನಡದಲ್ಲಿ ಬರಲೇಬೇಕು.

ಜೀವಕೋಶ ಎಂದರೇನು, ಕಿಣ್ವ ಎಂದರೇನು ಅನ್ನುವುದರಲ್ಲೇ ಮೊದಲ ಎರಡು ಪುಟ ಹೋಗಿವೆ. ಅವನ್ನು ತೆಗೆಯಿರಿ. ನೇರವಾಗಿ ಅಚ್ಚರಿಗೆ ಬನ್ನಿ. ಗ್ಲೂಕೋಸ್ ಒಡೆಯುವ ಹತ್ತು ಹಂತಗಳಲ್ಲಿ ಆರನೆಯದನ್ನು ನಡೆಸುವ ಕಿಣ್ವ ಇದು. ನರಕೋಶ ಸಾಯುವ ಹೊತ್ತಿಗೆ ಇದು ಕೋಶಕೇಂದ್ರದೊಳಗೆ ಜಾಸ್ತಿ ಸೇರಿಕೊಳ್ಳುತ್ತದೆ. ಗ್ಲೂಕೋಸ್ ಒಡೆಯುವ ಜಾಗ ಅದಲ್ಲ. ಮತ್ತೆ ಅಲ್ಲಿಗೆ ಹೋಗಿದ್ದು ಹೇಗೆ?

ಇದಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. ಅಲ್ಲೇ ನಿಂತು ಬರೆಯಬೇಕಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾಲೊಮನ್ ಸ್ನೈಡರ್, ಅಕಿರಾ ಸಾವಾ ಅವರ ತಂಡ 2005ರಲ್ಲಿ ಆ ದಾರಿಯನ್ನು ತೋರಿಸಿತು. ಒತ್ತಡಕ್ಕೆ ಸಿಕ್ಕ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿ, ಕಿಣ್ವದ ಒಂದು ಸಿಸ್ಟೀನ್‌ಗೆ (ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು) ಅಂಟುತ್ತದೆ. ಕಿಣ್ವದ ಮಾಮೂಲಿ ಕೆಲಸಕ್ಕೆ ಬೇಕಾದ ಸಿಸ್ಟೀನ್ ಅದೇ, ಹಾಗಾಗಿ ಆ ಕೆಲಸ ನಿಲ್ಲುತ್ತದೆ. ಆಗ ಕಿಣ್ವ ಸಿಯಾ1 ಎಂಬ ಪ್ರೋಟೀನನ್ನು ಕೂಡಿಕೊಳ್ಳುತ್ತದೆ. ಕೋಶಕೇಂದ್ರಕ್ಕೆ ಹೋಗುವ ಪಾಸ್ ಇರುವುದು ಸಿಯಾ1 ಬಳಿ. ಅದರ ಜೊತೆ ಜಿಎಪಿಡಿಎಚ್ ಕೂಡ ಒಳಗೆ ಹೋಗುತ್ತದೆ. ಸಿಯಾ1 ತಾನಾಗಿ ಹೆಚ್ಚು ಹೊತ್ತು ಉಳಿಯುವ ಪ್ರೋಟೀನಲ್ಲ. ಈ ಜೊತೆಯಿಂದ ಅದು ಉಳಿಯುತ್ತದೆ, ಕೇಂದ್ರದ ಪ್ರೋಟೀನುಗಳನ್ನು ನಾಶಕ್ಕೆ ಒಡ್ಡುತ್ತದೆ. ಕೊನೆಗೆ ಕೋಶ ಸಾಯುತ್ತದೆ. ಇಷ್ಟನ್ನು ಬಿಡಿಸಿ ಬರೆದರೆ, ಎಲ್ಲವನ್ನೂ ಒಂದೇ ಕಿಣ್ವದ ಮೇಲೆ ಹಾಕುವ ಶೀರ್ಷಿಕೆ ನಿಲ್ಲುವುದಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ನನಗೆ ನಿಜಕ್ಕೂ ಬೇಸರವಾದದ್ದು ಕೊನೆಯ ಪುಟ. 'ಇದನ್ನು ತಡೆದರೆ ಪಾರ್ಕಿನ್ಸನ್ ಗುಣವಾಗುತ್ತದೆ' ಎಂದಿದ್ದೀರಿ. ತಡೆದು ನೋಡಿ ಆಗಿದೆ. ಪಾರ್ಕಿನ್ಸನ್‌ಗೆ ಕೊಡುವ ಸೆಲೆಜಿಲಿನ್ ಅನ್ನು ಹೋಲುವ ಟಿಸಿಎಚ್346 ಎಂಬ ಔಷಧಿ ಈ ಕಿಣ್ವಕ್ಕೇ ಅಂಟುತ್ತದೆ. ಪ್ರಾಣಿಗಳಲ್ಲಿ ಅದು ನರಕೋಶಗಳನ್ನು ಉಳಿಸಿತ್ತು. ಸುಮಾರು 300 ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಹುಸಿ ಮಾತ್ರೆ ತಗೊಂಡವರಿಗಿಂತ ಔಷಧಿ ತಗೊಂಡವರಿಗೆ ಏನೂ ಹೆಚ್ಚು ಉಪಯೋಗವಾಗಿರಲಿಲ್ಲ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯ ರೋಗಿಗಳಲ್ಲೂ ಹಾಗೇ ಆಯಿತು.

ಇದನ್ನು ಬಿಟ್ಟದ್ದು ಸಣ್ಣ ವಿಷಯವಲ್ಲ. ಕೈ ನಡುಗುವ ಅಪ್ಪನನ್ನು ನೋಡಿಕೊಳ್ಳುತ್ತಿರುವ ಮಗಳೊಬ್ಬಳು ನಿಮ್ಮ ಆ ಸಾಲನ್ನು ಕತ್ತರಿಸಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗುತ್ತಾಳೆ. ಅವಳಿಗೆ ಸುಮ್ನೆ ಆಸೆ ಹುಟ್ಟಿಸುವ ಹಕ್ಕು ನಮಗಿಲ್ಲ. ಸೋತ ಪ್ರಯೋಗವನ್ನು ಹೇಳಿದರೆ ಲೇಖನ ಸಪ್ಪೆಯಾಗುತ್ತದೆ ಅಂದುಕೊಂಡಿರಾ? ನನಗಂತೂ ಅದೇ ಹೆಚ್ಚು ಕುತೂಹಲದ ಭಾಗ. ಪ್ರಯೋಗದಲ್ಲಿ ವಿಷ ಕೊಟ್ಟ ಇಲಿಯ ನರಕೋಶಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಮನುಷ್ಯನಲ್ಲಿ ಈ ಕಾಯಿಲೆ ವರ್ಷಗಟ್ಟಲೆ ನಡೆಯುತ್ತದೆ. ನಡುಕ ಕಾಣಿಸುವ ಹೊತ್ತಿಗೆ ಡೋಪಮೈನ್ (ಚಲನೆಯನ್ನು ಹತೋಟಿಯಲ್ಲಿಡಲು ಮಿದುಳಿಗೆ ಬೇಕಾದ ರಾಸಾಯನಿಕ) ಮಾಡುವ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯನಲ್ಲಿ ಯಾಕೆ ಸೋಲಬಹುದು ಎನ್ನುವುದಕ್ಕೆ ಇಲ್ಲೇ ಒಂದು ಪುಟ ಕೊಡಿ.

ಮೂರನೇ ಪುಟದಲ್ಲಿ ಒಂದು ಒಳ್ಳೆಯ ಸಂಗತಿ ಹೂತುಹೋಗಿದೆ. ಬೇರೆ ಪ್ರೋಟೀನುಗಳನ್ನು ಅಳೆಯುವಾಗ ಲ್ಯಾಬಿನವರು ಹೋಲಿಕೆಗೆ ಇಟ್ಟುಕೊಳ್ಳುವುದು ಈ ಕಿಣ್ವವನ್ನೇ, ಅದು ಎಲ್ಲ ಕೋಶಗಳಲ್ಲೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಇರುತ್ತದೆ ಎಂಬ ನಂಬಿಕೆಯಿಂದ. ಲೇಖನ ಅಲ್ಲಿಂದಲೇ ಶುರುವಾಗಲಿ. ಹಂಟಿಂಗ್ಟನ್, ಆಲ್ಝೈಮರ್ ಭಾಗ ಸದ್ಯಕ್ಕೆ ಬೇಡ, ಅವಸರದಲ್ಲಿ ಬರೆದ ಹಾಗಿದೆ. ತಿದ್ದಿ ಕಳಿಸಿ, ಮುಂದಿನ ಕರಡನ್ನೂ ನಾನೇ ನೋಡುತ್ತೇನೆ.