ಸೈಕಲ್ ಮೇಷ್ಟ್ರನ್ನು ಕೇಳಿ: ಮೊದಲು ಅಮ್ಮನಿಗೊಂದು ಸೈಕಲ್

ಪ್ರಶ್ನೆ: ಮೇಷ್ಟ್ರೇ, ನನ್ನ ಮಗನಿಗೆ 13 ವರ್ಷ. ಅವನ ಗೆಳೆಯರು ಭಾನುವಾರ ಮಕ್ಕಳ ಮೌಂಟನ್ ಬೈಕಿಂಗ್ ತಂಡವೊಂದಕ್ಕೆ ಹೋಗುತ್ತಾರೆ. ದೇವರಾಯನದುರ್ಗದ ಕಡೆ ಮಣ್ಣು ದಾರಿಯಲ್ಲಿ ಸೈಕಲ್ ಹೊಡೆಯುತ್ತಾರಂತೆ. ಇವನಿಗೂ ಅದೇ ಹುಚ್ಚು. ವಿಚಾರಿಸಿದರೆ ತಂಡದವರು ‘ಹುಡುಗನನ್ನು ಮಾತ್ರ ಕಳಿಸಬೇಡಿ, ಮನೆಯವರೂ ಬನ್ನಿ’ ಎಂದರು. ಯಜಮಾನರದು ಅಂಗಡಿ, ಭಾನುವಾರವೇ ವ್ಯಾಪಾರ ಜಾಸ್ತಿ. ನಾನು ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ. ಮಗ 60 ಸಾವಿರದ ಸೈಕಲ್ಲಿನ ಫೋಟೊ ತೋರಿಸುತ್ತಾನೆ. 9 ವರ್ಷದ ಮಗಳು ‘ನಾನೂ ಬರ್ತೀನಿ’ ಎಂದು ಕೂತಿದ್ದಾಳೆ. ಬಿದ್ದು ಕೈಕಾಲು ಮುರಿದುಕೊಂಡರೆ ಏನು ಗತಿ?
— ಒಬ್ಬ ತಾಯಿ, ಶಿರಾ ಗೇಟ್, ತುಮಕೂರು

ಉತ್ತರ: ಹೋಗಿ ತಾಯಿ. ಆದರೆ ಸೈಕಲ್ ಅಂಗಡಿಯಲ್ಲಿ ಮೊದಲು ಮಗನದ್ದು ನೋಡಬೇಡಿ, ನಿಮ್ಮದು ನೋಡಿ.

ತಮಾಷೆಗೆ ಹೇಳುತ್ತಿಲ್ಲ. ‘ಮನೆಯವರೂ ಬನ್ನಿ’ ಎನ್ನುವ ತಂಡ ನನಗೆ ಇಷ್ಟ. ‘ಬಿಟ್ಟು ಹೋಗಿ, ನಾವು ನೋಡಿಕೊಳ್ಳುತ್ತೇವೆ’ ಎನ್ನುವವರನ್ನು ನಾನು ಇನ್ನೆರಡು ಪ್ರಶ್ನೆ ಕೇಳುತ್ತೇನೆ. ಮಣ್ಣು ದಾರಿಯಲ್ಲಿ ಮಕ್ಕಳು ಹೊರಟರೆ ಮುಂದೊಬ್ಬರು ದೊಡ್ಡವರು ಇರಬೇಕು, ಎಲ್ಲರಿಗಿಂತ ಹಿಂದೆ ಇನ್ನೊಬ್ಬರು. ಒಂದು ಮಗು ಬಿತ್ತು ಅನ್ನಿ. ಅದರ ಜೊತೆ ಒಬ್ಬರು ನಿಂತರೆ ಉಳಿದ ಮಕ್ಕಳ ಜೊತೆ ಯಾರು? ಕೋಚ್ ಒಬ್ಬರೇ ಎಷ್ಟು ಕಡೆ ಓಡುತ್ತಾರೆ?

ಅಮೆರಿಕದಲ್ಲಿ ಇದಕ್ಕೇ ನ್ಯಾಷನಲ್ ಇಂಟರ್‌ಸ್ಕೊಲಾಸ್ಟಿಕ್ ಸೈಕ್ಲಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ ಇದೆ. 2009ರಲ್ಲಿ ಶುರುವಾದದ್ದು, 6ರಿಂದ 12ನೇ ತರಗತಿಯ ಮಕ್ಕಳಿಗೆ. ಅಲ್ಲಿ ಬೆಂಚಿನ ಮೇಲೆ ಕೂರುವ ಆಟಗಾರ ಅಂತಲೇ ಇಲ್ಲ, ತಂಡ ಸೇರಿದ ಯಾವ ಮಗುವಾದರೂ ರೇಸಿಗೆ ಇಳಿಯಬಹುದು. ಅಪ್ಪ ಅಮ್ಮಂದಿರು ತರಬೇತಿ ಪಡೆದು ಮಕ್ಕಳ ಜೊತೆ ಸೈಕಲ್ ಹೊಡೆಯುತ್ತಾರೆ. ನಾನು ಪಿಟಿ ಮೇಷ್ಟ್ರಾಗಿದ್ದಷ್ಟು ಕಾಲ ನೋಡಿದ್ದು ಇದರ ತದ್ವಿರುದ್ಧ. ಕಬಡ್ಡಿ ಟೀಮಿಗೆ ಆಯ್ಕೆಯಾಗದ ಹುಡುಗ ಗೇಟಿನ ಹತ್ತಿರ ಚೀಲ ಕಾಯುತ್ತಿದ್ದ. ಅದಕ್ಕೇ ಈ ಪದ್ಧತಿ ನನಗೆ ಹಿಡಿಸಿತು.

ಹಿಂದೆ ನಿಧಾನವಾಗಿ ಬರುವ ಗುಂಪು ನಿಮ್ಮದು. ಒಂದು ತಿಂಗಳು ಸಂಜೆ ಹೊತ್ತು ಖಾಲಿ ಮೈದಾನದಲ್ಲಿ ಸುತ್ತಿ, ಸಾಕು. ಬ್ಯಾಲೆನ್ಸ್ ಎಲ್ಲೂ ಹೋಗಿರುವುದಿಲ್ಲ, ಹೋಗಿರುವುದು ಧೈರ್ಯ ಮಾತ್ರ. ಯಜಮಾನರು ಭಾನುವಾರ ಬರದಿದ್ದರೂ ನಡೆಯುತ್ತದೆ. ಶನಿವಾರ ರಾತ್ರಿ ಚೈನಿಗೆ ಎಣ್ಣೆ ಹಾಕಿ, ಬ್ರೇಕ್ ನೋಡಿ, ಗಾಳಿ ಹೊಡೆದಿಡಲಿ. ಅಂಗಡಿಗೆ ಗೂಡ್ಸ್ ಆಟೊ ಇದ್ದು ಅದರಲ್ಲಿ ಸೈಕಲ್‌ಗಳನ್ನು ಸಾಗಿಸಿಕೊಟ್ಟರೆ ತಂಡದವರು ಅವರನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಹೈವೇ ಮೇಲೆ ಮಕ್ಕಳು ತುಳಿದುಕೊಂಡು ಹೋಗುವುದು ತಪ್ಪುತ್ತದಲ್ಲ.

ಈಗ ಮಗಳ ವಿಷಯ. ಪತ್ರದಲ್ಲಿ ಅವಳದು ಒಂದೇ ಸಾಲು, ನನಗೆ ಅದೇ ದೊಡ್ಡದು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಾನು ಹಳ್ಳಿ ಸ್ಕೂಲಿನಲ್ಲಿದ್ದೆ. ಅಣ್ಣಂದಿರ ಕ್ಯಾರಿಯರ್ ಮೇಲೆ ಕೂತು ಬರುತ್ತಿದ್ದ ಹುಡುಗಿಯರು ಲಂಗ ಸಿಕ್ಕಿಸಿಕೊಂಡು ತಾವೇ ತುಳಿದು ಬಂದರು. ಪಾಠಕ್ಕೆ ತಡವಾಗಿ ಬಂದರೂ ಅವರನ್ನು ಬೈಯಲು ಮನಸ್ಸು ಬರುತ್ತಿರಲಿಲ್ಲ. ನಿಮ್ಮ ಮಗಳನ್ನು ಅಣ್ಣನ ನೀರಿನ ಬಾಟಲಿ ಹಿಡಿಯಲು ಕರೆದುಕೊಂಡು ಹೋಗಬೇಡಿ. 9 ವರ್ಷಕ್ಕೆ ದೊಡ್ಡ ಮಕ್ಕಳ ಸುತ್ತು ಬೇಡ, ಸರಿ. ಆದರೆ ಅವಳ ಎತ್ತರಕ್ಕೆ ಹೊಂದುವ 20 ಅಥವಾ 24 ಇಂಚು ಗಾಲಿಯ ಸೈಕಲ್ಲಿನಲ್ಲಿ ನಿಮ್ಮ ಜೊತೆ ಸಣ್ಣ ಸುತ್ತು ಹೊಡೆಯಲಿ. ನೀವು ತುಳಿಯುವುದನ್ನು ಅವಳು ನೋಡಬೇಕು. ನಿಮಗೆ ಸೈಕಲ್ ತಗೊಳ್ಳಿ ಎಂದದ್ದು ಅದಕ್ಕೂ ಹೌದು.

60 ಸಾವಿರದ್ದು ಈಗ ಬೇಡವೇ ಬೇಡ. ಈ ವಯಸ್ಸಿನ ಹುಡುಗ ಎರಡು ವರ್ಷಕ್ಕೆ ಪ್ಯಾಂಟು ಬದಲಿಸಿದ ಹಾಗೆ ಸೈಕಲ್ಲೂ ಬದಲಿಸಬೇಕಾಗುತ್ತದೆ. ತಂಡದಲ್ಲಿ ದೊಡ್ಡ ಮಕ್ಕಳಿಗೆ ಚಿಕ್ಕದಾದ ಸೈಕಲ್ ಇರುತ್ತವೆ, ಕೇಳಿ. ಹೊಸದೇ ಆಗಬೇಕೆಂದರೆ ಮುಂದೆ ಸಸ್ಪೆನ್ಷನ್, ಎರಡೂ ಕಡೆ ಡಿಸ್ಕ್ ಬ್ರೇಕ್ ಇರಲಿ. 8-10 ಸಾವಿರಕ್ಕೆ ಹಿಂದೆಯೂ ದಪ್ಪ ಸ್ಪ್ರಿಂಗ್ ಇರುವ ಸೈಕಲ್ ಸಿಗುತ್ತವೆ. ನೋಡಲು ಜೋರು, ಆದರೆ ಭಾರ ಜಾಸ್ತಿ. ಏರು ಹತ್ತುವಾಗ ತುಳಿದ ಶಕ್ತಿಯೆಲ್ಲ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ. ದುಡ್ಡು ಉಳಿದರೆ ಒಳ್ಳೆಯ ಹೆಲ್ಮೆಟ್, ಕೈಗವಸು ತನ್ನಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬೇಡಿ, ಬಿರುಕು ಕಾಣದಿದ್ದರೂ.

ಬೀಳುವುದು ಇದ್ದೇ ಇದೆ. ಮಂಡಿ ತರಚುತ್ತದೆ, ಅಪರೂಪಕ್ಕೆ ಮೂಳೆಯೂ ಮುರಿಯಬಹುದು, ಸುಳ್ಳು ಹೇಳುವುದಿಲ್ಲ. ನಮ್ಮ ಕಡೆಯ ದಾರಿಯಲ್ಲಿ ಗಟ್ಟಿ ನೆಲದ ಮೇಲೆ ಸಡಿಲ ಗರಸು ಇರುತ್ತದೆ. ತಿರುವಿನ ಮಧ್ಯೆ ಮುಂದಿನ ಬ್ರೇಕ್ ಹಿಡಿದರೆ ಗಾಲಿ ಜಾರುವುದು ಗ್ಯಾರಂಟಿ. ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಸಮಕ್ಕಿಟ್ಟು, ದೂರಕ್ಕೆ ನೋಡಬೇಕು. ಭಯವಾದ ಕಡೆ ಇಳಿದು ತಳ್ಳಿಕೊಂಡು ಹೋಗುವ ಮಗುವನ್ನು ಕೋಚ್ ನಗಾಡುತ್ತಾರಾ, ಅದನ್ನು ಗಮನಿಸಿ. ನಕ್ಕರೆ ಆ ತಂಡ ಬಿಟ್ಟುಬಿಡಿ.

ದೇವರಾಯನದುರ್ಗದ ಕಾಡಿನಲ್ಲಿ ಚಿರತೆ ಇವೆ, ಕರಡಿಯೂ ಇವೆ. ಕಾಡಿನೊಳಗಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ತಂಡದವರ ಬಳಿ ಆ ಕಾಗದ ಇದೆಯಾ ಎಂದು ಸಂಕೋಚವಿಲ್ಲದೆ ಕೇಳಿ. ಇಲ್ಲ ಎಂದರೆ ಊರಿನ ಹೊಲದ ದಾರಿ, ಕೆರೆ ಏರಿ ಸಾಕಷ್ಟಿವೆ. ಬೆಳಕು ಹರಿಯುವ ಮುಂಚೆ ಕಾಡಂಚಿಗೆ ಮಕ್ಕಳನ್ನು ಇಳಿಸುವುದು ಬೇಡ. ದುರ್ಗದ ಟಾರು ರಸ್ತೆಯಲ್ಲಿ ಭಾನುವಾರ ಬೆಂಗಳೂರಿನ ಕಾರುಗಳದ್ದೇ ದರ್ಬಾರು, ಅಲ್ಲಿ ಇಳಿಜಾರಿನಲ್ಲಿ ರೇಸ್ ಹಚ್ಚುವುದಂತೂ ಖಂಡಿತ ಬೇಡ.

ರೇಸಿನ ದಿನ ಬೇಲಿ ಪಕ್ಕ ನಿಂತು ‘ತುಳಿಯೋ, ತುಳಿಯೋ’ ಎಂದು ಕಿರುಚಬೇಡಿ. ಅವನು ತುಳಿಯುತ್ತಲೇ ಇರುತ್ತಾನೆ. ಮನೆಗೆ ಬಂದ ಮೇಲೆ ಎಷ್ಟನೆಯವನು ಎಂದು ಕೇಳುವ ಮೊದಲು ತಿನ್ನಲು ಏನಾದರೂ ಕೊಡಿ.

ಪ್ರಶ್ನೆ: ವಾರಕ್ಕೆರಡು ಸಲ ಪಂಕ್ಚರ್. ಊರಿನ ಅಂಗಡಿಯವರು ನನ್ನ ಟ್ಯೂಬಿಗೆ ಗಾಳಿಯೇ ಹೋಗಲ್ಲ ಅಂತಾರೆ. ಏನು ಮಾಡಲಿ?
— ಪಿಯುಸಿ ವಿದ್ಯಾರ್ಥಿ, ಗುಬ್ಬಿ

ಉತ್ತರ: ಜಾಲಿ ಮುಳ್ಳಪ್ಪಾ, ಇನ್ನೇನು. ಟ್ಯೂಬಿನೊಳಗೆ ಸೀಲಂಟ್ ಎಂಬ ತೂತು ಮುಚ್ಚುವ ದ್ರವ ಹಾಕಿಸು, ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಟಯರಿನಲ್ಲಿ ಸಿಕ್ಕ ಮುಳ್ಳನ್ನು ಒಳಗಡೆ ಬೆರಳು ಆಡಿಸಿ ಹುಡುಕಿ ತೆಗೆಯದೆ ಹೊಸ ಟ್ಯೂಬ್ ಹಾಕಬೇಡ. ಗಾಳಿ ಹೋಗದಿರುವುದಕ್ಕೆ ಕಾರಣ ನಿನ್ನದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇರಬೇಕು. ತುದಿಯ ಪುಟ್ಟ ತಿರುಪು ಸಡಿಲಿಸಿ, ಹಿತ್ತಾಳೆ ಅಡಾಪ್ಟರ್ ಕೂರಿಸಿದರೆ ಮೋಟರ್ ಬೈಕಿಗೆ ಗಾಳಿ ಹೊಡೆಯುವ ಪಂಪೇ ಸಾಕು. ಎರಡು ಅಡಾಪ್ಟರ್ ತಗೊಂಡು ಒಂದನ್ನು ಆ ಅಂಗಡಿಯವರಿಗೇ ಕೊಟ್ಟಿಡು.